ಫ್ಲಾಪಿ ಡ್ರೈವ್ ಓದುತ್ತಿಲ್ಲವೇ? ಬಿಸಾಡುವ ಮುಂಚೆ ಇಷ್ಟು ಮಾಡಿ ನೋಡಿ

ಅಟ್ಟದ ಮೇಲಿದ್ದ 486 ಕಂಪ್ಯೂಟರನ್ನು ಇಳಿಸಿ, ದೂಳು ಹೊಡೆದು, ಸ್ವಿಚ್ ಹಾಕಿದ್ದೀರಿ. ಪುಣ್ಯಕ್ಕೆ ವಿಂಡೋಸಿಗೂ ಹಿಂದಿನ ಡಾಸ್ ವ್ಯವಸ್ಥೆ ಬಂತು. ಅಪ್ಪನ ಕಥೆಗಳೋ, ಸೊಸೈಟಿಯ ಲೆಕ್ಕವೋ ಇರುವ ಹಳೆಯ ಫ್ಲಾಪಿ ಕೈಯಲ್ಲಿದೆ. ಅದನ್ನು ಹಾಗೇ ಮೇಜಿನ ಮೇಲಿಟ್ಟುಬಿಡಿ. ಸದ್ಯಕ್ಕೆ ಡ್ರೈವಿನೊಳಗೆ ಹಾಕಬೇಡಿ.

ಕಾರಣ ಇಷ್ಟೆ. ಹಾರ್ಡ್ ಡಿಸ್ಕಿನಲ್ಲಿ ಓದುವ, ಬರೆಯುವ ಹೆಡ್ಡು ತಟ್ಟೆಯನ್ನು ಮುಟ್ಟದೆ ತೇಲುತ್ತದೆ. ಫ್ಲಾಪಿಯಲ್ಲಿ ಹಾಗಲ್ಲ, ಎರಡು ಹೆಡ್ಡುಗಳು ಹಾಳೆಯನ್ನು ಮೇಲಿಂದಲೂ ಕೆಳಗಿಂದಲೂ ಒತ್ತಿ ಹಿಡಿದು ಓದುತ್ತವೆ. ಹಾಳೆ ಸೆಕೆಂಡಿಗೆ ಐದು ಸುತ್ತು ತಿರುಗುತ್ತಿರುತ್ತದೆ. ಇಪ್ಪತ್ತೈದು ವರ್ಷದ ಕೊಳೆ ಹೆಡ್ಡಿನ ಮೇಲೆ ಗಟ್ಟಿಯಾಗಿ ಕೂತಿದ್ದರೆ ಅದು ಉಳಿಯ ಹಾಗೆ ಕೆಲಸ ಮಾಡುತ್ತದೆ. ಒಂದೇ ಜಾಗದಲ್ಲಿ ನಾಲ್ಕು ಸಲ 'ರಿಟ್ರೈ' ಒತ್ತಿದರೆ ಕಂದು ಬಣ್ಣದ ಲೇಪನ ಕಿತ್ತು ಬಂದು, ಹಾಳೆಯ ಆಚೆ ಬದಿಯ ಬೆಳಕು ಕಾಣುವಂಥ ಉಂಗುರ ಉಳಿಯುತ್ತದೆ. ಅಲ್ಲಿದ್ದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ನಾನು ಹೀಗೆ ಒಂದು ಫ್ಲಾಪಿ ಕಳೆದುಕೊಂಡಿದ್ದೇನೆ. ಡ್ರೈವನ್ನು ಬೈದುಕೊಂಡು ಮತ್ತೆ ಮತ್ತೆ ಎಂಟರ್ ಕುಟ್ಟಿದ್ದು ನಾನೇ.

ಆದ್ದರಿಂದ ಈ ಬರಹದುದ್ದಕ್ಕೂ ಒಂದೇ ಕ್ರಮ: ಮೊದಲು ಕಂಪ್ಯೂಟರು, ಆಮೇಲೆ ಕೇಬಲ್, ಆಮೇಲೆ ಡ್ರೈವು, ಆಮೇಲೆ ಹೋದರೆ ಹೋಗಲಿ ಎನ್ನಬಹುದಾದ ಫ್ಲಾಪಿ. ಬೇಕಾದ ಫ್ಲಾಪಿಯ ಸರದಿ ಎಲ್ಲಕ್ಕಿಂತ ಕೊನೆಗೆ.

ನಾನಿಲ್ಲಿ ಹೇಳುತ್ತಿರುವುದು ಐಬಿಎಂ ಮಾದರಿಯ ಪಿಸಿಗಳ ಬಗ್ಗೆ, ಅಂದರೆ 286ರಿಂದ ಪೆಂಟಿಯಂವರೆಗೆ ನಮ್ಮ ಕಚೇರಿ, ಕಾಲೇಜು, ಡಿಟಿಪಿ ಅಂಗಡಿಗಳಲ್ಲಿ ಇದ್ದಂಥವು. ಹೆಚ್ಚಾಗಿ ಸಿಗುವುದು ಮೂರೂವರೆ ಇಂಚಿನ 1.44 ಎಂಬಿ ಡ್ರೈವ್. ಅದಕ್ಕೂ ಹಳೆಯದಾದರೆ ಐದೂಕಾಲು ಇಂಚಿನದು. ಅಮಿಗಾ ಮತ್ತು ಹಳೆಯ ಮ್ಯಾಕಿಂಟಾಷ್‌ಗಳ ಲೋಕವೇ ಬೇರೆ. ಅವುಗಳ ಫ್ಲಾಪಿ ಕಣ್ಣಿಗೆ ಹೀಗೇ ಕಂಡರೂ ಬರೆಯುವ ಕ್ರಮ ಬೇರೆಯಾದ್ದರಿಂದ ಪಿಸಿಯ ಕಂಟ್ರೋಲರ್ (ಡ್ರೈವನ್ನು ನಡೆಸುವ ಸರ್ಕ್ಯೂಟ್) ಅವನ್ನು ಓದಲಾರದು. ಅಂಥ ಫ್ಲಾಪಿ ಹಾಕಿ ಡ್ರೈವ್ ಕೆಟ್ಟಿದೆ ಅಂದುಕೊಂಡವರನ್ನು ಕಂಡಿದ್ದೇನೆ.

ಬೇಕಾಗುವ ಸಾಮಾನು

ಸಣ್ಣ ಮತ್ತು ಮಧ್ಯಮ ಅಳತೆಯ ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚು, ಮೆತ್ತನೆಯ ಬ್ರಷ್, ಮಲ್ಟಿಮೀಟರ್, ಹೊಲಿಗೆ ಮಿಷನ್ನಿನ ಎಣ್ಣೆ, ಬಿಳಿ ಲಿಥಿಯಂ ಗ್ರೀಸ್, ಇಯರ್ ಬಡ್. ಜೊತೆಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಅಂಗಡಿಯವರ ಬಾಯಲ್ಲಿ ಐಪಿಎ. ಬಾಟಲಿಯ ಮೇಲೆ 99 ಪರ್ಸೆಂಟ್ ಎಂದಿರಬೇಕು. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟು ಬೇಡ. ಅದರಲ್ಲಿ ನೀರೂ ಬೇರೆ ಸೇರಿಕೆಗಳೂ ಇರುತ್ತವೆ, ಒಣಗಿದ ಮೇಲೆ ಹೆಡ್ಡಿನ ಮೇಲೆ ಪೊರೆ ಬಿಡುತ್ತವೆ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಯಲ್ಲೂ, ಬೇರೆ ಊರುಗಳಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರುವವರಲ್ಲೂ ಐಪಿಎ ಸಿಗುತ್ತದೆ. ಕೊನೆಯದಾಗಿ, ಒಳಗೆ ಏನೂ ಇಲ್ಲದ ಐದಾರು ಹಳೇ ಫ್ಲಾಪಿ. ಇವು ನಮ್ಮ ಬಲಿ ಕುರಿಗಳು.

ಸಣ್ಣ ಬಟ್ಟಲೊಂದನ್ನೂ ಇಟ್ಟುಕೊಳ್ಳಿ. ಈ ಡ್ರೈವಿನ ಸ್ಕ್ರೂ ನೆಲಕ್ಕೆ ಬಿದ್ದರೆ ಮುಗಿಯಿತು.

ಮೊದಲು ಸುಮ್ಮನೆ ನೋಡಿ, ಕೇಳಿ

ಒಳಗೆ ಫ್ಲಾಪಿ ಇಲ್ಲದೆ ಕಂಪ್ಯೂಟರ್ ಆನ್ ಮಾಡಿ. ಸರಿಯಿರುವ ಡ್ರೈವಿನ ದೀಪ ಒಮ್ಮೆ ಹೊತ್ತಿ, 'ಗರ್ರ್' ಎಂದು ಸಣ್ಣಗೆ ಸದ್ದು ಮಾಡಿ, ಆರಿಹೋಗುತ್ತದೆ. ಹಾಳೆಯ ಮೇಲೆ ಮಾಹಿತಿ ಇರುವ ಒಂದೊಂದು ಉಂಗುರವೂ ಒಂದು ಟ್ರ್ಯಾಕು; ಹೆಡ್ಡು ಹೊರ ಅಂಚಿನ ಸೊನ್ನೆಯ ಟ್ರ್ಯಾಕಿಗೆ ಹೋಗಿ ನಿಂತ ಸದ್ದು ಅದು. ಕೆಲವು ಬಯಾಸ್‌ಗಳಲ್ಲಿ (ಆನ್ ಮಾಡಿದೊಡನೆ ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮು) ಈ ತಪಾಸಣೆಯನ್ನು ಆಫ್ ಮಾಡಿರುತ್ತಾರೆ, ಆಗ ಸದ್ದು ಕೇಳದಿದ್ದರೆ ಗಾಬರಿ ಬೇಡ.

ದೀಪ ಹೊತ್ತಿದ್ದು ಆರಲೇ ಇಲ್ಲ, ಮೋಟರ್ ಒಂದೇ ಸಮ ತಿರುಗುತ್ತಿದೆ ಎಂದರೆ ಕೇಬಲ್ ತಿರುಗುಮುರುಗಾಗಿ ಸಿಕ್ಕಿಸಿದೆ. ನೂರಕ್ಕೆ ತೊಂಬತ್ತು ಸಲ ಅದೇ. ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ಕರೆಂಟು ಹೋಗುತ್ತಿಲ್ಲ, ಇಲ್ಲವೇ ಬಯಾಸಿನಲ್ಲಿ ಡ್ರೈವಿನ ಹೆಸರೇ ಇಲ್ಲ. 'ಟಕ್ ಟಕ್ ಟಕ್' ಎಂದು ಗೋಡೆಗೆ ತಲೆ ಚಚ್ಚಿಕೊಂಡಂಥ ಸದ್ದಾದರೆ, ಹೆಡ್ಡು ಅಂಚು ಮುಟ್ಟಿದೆ ಎಂದು ತಿಳಿಸುವ ಸೆನ್ಸರ್ ಮಾತಾಡುತ್ತಿಲ್ಲ. ದೀಪ, ಸದ್ದು ಎಲ್ಲ ಸರಿ, ಆದರೆ ಓದುತ್ತಿಲ್ಲ ಎಂದರೆ ಹೆಡ್ಡು ಕೊಳೆಯಾಗಿದೆ ಅಥವಾ ಫ್ಲಾಪಿಯೇ ಕೆಟ್ಟಿದೆ. ಮನೆಗೆ ಬರುವ ಡ್ರೈವುಗಳಲ್ಲಿ ಇದೇ ಜಾಸ್ತಿ.

ಬಯಾಸ್ ಮತ್ತು ಸತ್ತ ಬ್ಯಾಟರಿ

ಡ್ರೈವ್ ಬಿಚ್ಚುವ ಉತ್ಸಾಹದಲ್ಲಿ ಇದನ್ನು ಮರೆಯುವವರು ಬಹಳ. ಇಷ್ಟು ವರ್ಷ ಮೂಲೆಯಲ್ಲಿದ್ದ ಕಂಪ್ಯೂಟರಿನ ಬ್ಯಾಟರಿ ಖಂಡಿತ ಸತ್ತಿರುತ್ತದೆ. ಅದು ಸತ್ತರೆ ತನಗೆ ಯಾವ ಡ್ರೈವ್ ಇದೆ ಎನ್ನುವುದನ್ನೂ ಬಯಾಸ್ ಮರೆಯುತ್ತದೆ. ಸೆಟಪ್ಪಿಗೆ ಹೋಗಿ ಡ್ರೈವ್ ಎ ಎದುರು ಏನಿದೆ ನೋಡಿ. ನಿಮ್ಮದು ಮೂರೂವರೆ ಇಂಚಿನ ಡ್ರೈವಾಗಿದ್ದು, ಅಲ್ಲಿ 'ನನ್' (ಏನೂ ಇಲ್ಲ) ಎಂದಿದ್ದರೆ 1.44 ಮಾಡಿ. 360 ಕೆಬಿಯೋ 1.2 ಎಂಬಿಯೋ ಎಂದಿದ್ದರೂ ತಿದ್ದಿ. ಪರದೆಯ ಮೇಲೆ 'ಫ್ಲಾಪಿ ಡಿಸ್ಕ್ ಫೇಲ್ (40)' ಎಂದು ಬರುವುದು ಎಷ್ಟೋ ಸಲ ಈ ಹೊಂದಾಣಿಕೆ ತಪ್ಪಿರುವುದರಿಂದಲೇ. ಐಬಿಎಂನ ಹಳೆಯ ಯಂತ್ರಗಳಲ್ಲಿ ಇದೇ ದೂರು 601 ಎಂಬ ಅಂಕಿಯಾಗಿ ಬರುತ್ತದೆ. ಪೆಂಟಿಯಂ ಕಾಲದ ಬೋರ್ಡುಗಳಲ್ಲಿ ಫ್ಲಾಪಿ ಕಂಟ್ರೋಲರನ್ನೇ ಆಫ್ ಮಾಡುವ ಆಯ್ಕೆಯೂ ಇರುತ್ತದೆ, ಅದು 'ಎನೇಬಲ್ಡ್' ಆಗಿರಲಿ.

ಇದೇ ಹೊತ್ತಿಗೆ ಬೋರ್ಡಿನ ಮೇಲೂ ಟಾರ್ಚು ಹಾಕಿ. ನಾಣ್ಯದಂಥ ಸಿಆರ್ 2032 ಇದ್ದರೆ ಬದಲಾಯಿಸಿ, ಕೆಲಸ ಮುಗಿಯಿತು. 386, 486ಗಳಲ್ಲಿ ಹೆಚ್ಚಾಗಿ ಇರುವುದು ನೀಲಿ ಅಥವಾ ಹಸಿರು ಪೀಪಾಯಿಯಂಥ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಇದು ಸೋರುತ್ತದೆ. ಸೋರಿದ ರಸ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದು ಹಸಿರು ಪಾಚಿ ಹಿಡಿಸುತ್ತದೆ. ಕಂಡ ಕೂಡಲೇ ಕತ್ತರಿಸಿ ತೆಗೆಯಿರಿ. ರಸ ಕ್ಷಾರವಾದ್ದರಿಂದ ಆ ಜಾಗವನ್ನು ಬಿಳಿ ವಿನೆಗರಿನಲ್ಲಿ ಅದ್ದಿದ ಬಡ್ಡಿನಿಂದ ಒರೆಸಿ, ಆಮೇಲೆ ಐಪಿಎಯಿಂದ ಒರೆಸಿ. ನಿಮ್ಮ ಡ್ರೈವಿಗೇನೂ ಆಗಿರದೆ ಬೋರ್ಡಿನ ಗೆರೆಯೊಂದು ಕಡಿದಿದ್ದೂ ತೊಂದರೆಯ ಮೂಲವಾಗಿರಬಹುದು.

ಕೇಬಲ್: ಏಳು ಎಳೆಗಳ ತಿರುವು

ಪಿಸಿಯ ಫ್ಲಾಪಿ ಕೇಬಲ್ 34 ಎಳೆಯ ಪಟ್ಟಿ. ಒಂದು ತುದಿ ಬೋರ್ಡಿಗೆ. ಇನ್ನೊಂದು ತುದಿಯ ಬಳಿ 10ರಿಂದ 16ರವರೆಗಿನ ಏಳು ಎಳೆಗಳನ್ನು ಸೀಳಿ ತಿರುಚಿರುತ್ತಾರೆ. ಆ ತಿರುವು ಕೇಬಲ್ ತಯಾರಿಸಿದವರ ತಪ್ಪಲ್ಲ, ಅದೇ ಐಬಿಎಂನ ಜಾಣತನ. ಎರಡು ಡ್ರೈವುಗಳ ಜಂಪರನ್ನೂ (ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ಒಂದೇ ಜಾಗದಲ್ಲಿಟ್ಟು, ತಿರುವಿನ ಆಚೆಗಿರುವುದು ಎ, ಈಚೆಗಿರುವುದು ಬಿ ಎಂದು ಕೇಬಲ್ಲೇ ತೀರ್ಮಾನಿಸುವಂತೆ ಮಾಡಿದರು. ನಿಮ್ಮ ಒಂದೇ ಡ್ರೈವು ನಡುವಿನ ಕನೆಕ್ಟರಿಗೆ ಸಿಕ್ಕಿದ್ದರೆ ಅದು ಬಿ ಆಗಿ ಕೂತಿರುತ್ತದೆ, ಕಂಪ್ಯೂಟರು ಎ ಎಲ್ಲಿ ಎಂದು ಹುಡುಕುತ್ತಿರುತ್ತದೆ. ತುದಿಯ ಕನೆಕ್ಟರಿಗೇ ಹಾಕಿ.

ಪಟ್ಟಿಯ ಒಂದು ಅಂಚಿನ ಕೆಂಪು ಗೆರೆ ಒಂದನೇ ಪಿನ್ನಿನ ಕಡೆಗಿರಬೇಕು. ಬಹುಪಾಲು ಮೂರೂವರೆ ಇಂಚಿನ ಡ್ರೈವುಗಳಲ್ಲಿ ಒಂದನೇ ಪಿನ್ ಪವರ್ ಕನೆಕ್ಟರಿನ ಬದಿಗೆ ಇರುತ್ತದೆ. ಇದು ಎಲ್ಲದಕ್ಕೂ ಅನ್ವಯಿಸುವುದಿಲ್ಲ, ಸರ್ಕ್ಯೂಟ್ ಬೋರ್ಡಿನ ಮೇಲೆ 1 ಅಥವಾ 2 ಎಂದು ಅಚ್ಚಾಗಿರುವುದನ್ನು ಹುಡುಕಿ.

ತಿರುಗುಮುರುಗಾದರೆ ಡ್ರೈವೇನೂ ಸುಡುವುದಿಲ್ಲ. ಆದರೆ ಒಳಗಿರುವ ಫ್ಲಾಪಿಗೆ ಗಂಡಾಂತರ ಇದೆ. ಬೆಸ ಸಂಖ್ಯೆಯ ಪಿನ್ನುಗಳೆಲ್ಲ ನೆಲದ ತಂತಿ (ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್), ಸಮ ಸಂಖ್ಯೆಯವು ಸಂಕೇತಗಳು. ಇಲ್ಲಿನ ಸಂಕೇತಗಳು ಸೊನ್ನೆ ವೋಲ್ಟಿಗೆ ಇಳಿದಾಗ 'ಹೌದು' ಎನ್ನುತ್ತವೆ. ಕೇಬಲ್ ಉಲ್ಟಾ ಆದರೆ ಎಲ್ಲ ಸಂಕೇತಗಳೂ ನೆಲಕ್ಕೆ ಸೇರಿ ಒಟ್ಟಿಗೇ 'ಹೌದು' ಎಂದುಬಿಡುತ್ತವೆ: ದೀಪ ಹೊತ್ತಲಿ, ಮೋಟರ್ ತಿರುಗಲಿ, ಜೊತೆಗೆ ಬರೆಯುವ ಹೆಡ್ಡೂ ಕೆಲಸ ಶುರುಮಾಡಲಿ. ಮೊದಲು ಬೇಕಾದ ಫ್ಲಾಪಿ ಹಾಕಬೇಡಿ ಎಂದದ್ದಕ್ಕೆ ಇದು ಎರಡನೆಯ ಕಾರಣ.

ಪವರ್ ಕನೆಕ್ಟರಿನಲ್ಲಿ ಮಾತ್ರ ಸುಡುವ ಅಪಾಯ ನಿಜಕ್ಕೂ ಇದೆ. ಕೆಂಪು ತಂತಿ 5 ವೋಲ್ಟ್, ಹಳದಿ 12 ವೋಲ್ಟ್, ನಡುವಿನ ಎರಡು ಕಪ್ಪು ನೆಲ. ಕೆಲವು ಡ್ರೈವುಗಳಲ್ಲಿ ಪಿನ್ನಿನ ಸುತ್ತ ಪ್ಲಾಸ್ಟಿಕ್ ಗೂಡು ಇರುವುದಿಲ್ಲ, ಕತ್ತಲಲ್ಲಿ ತಡವುತ್ತ ಸಿಕ್ಕಿಸಿದರೆ ಒಂದು ಪಿನ್ ಆಚೀಚೆ ಕೂರುತ್ತದೆ, ಉಲ್ಟಾನೂ ಕೂರುತ್ತದೆ. 5 ವೋಲ್ಟಿನ ಜಾಗಕ್ಕೆ 12 ಹೋದರೆ ಸಣ್ಣ ಹೊಗೆ, ದೊಡ್ಡ ದುಃಖ. ಟಾರ್ಚು ಹಿಡಿದು ನೋಡಿಯೇ ಸಿಕ್ಕಿಸಿ. ಆನ್ ಮಾಡಿ ಮೀಟರ್ ಹಿಡಿದರೆ ಕೆಂಪಿನಲ್ಲಿ 4.75ರಿಂದ 5.25ರೊಳಗೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಡ್ರೈವನ್ನು ಬಿಟ್ಟು ಪವರ್ ಸಪ್ಲೈ ಕಡೆ ನೋಡಿ. ಮೂರೂವರೆ ಇಂಚಿನ ಬಹುತೇಕ ಡ್ರೈವುಗಳಿಗೆ 5 ವೋಲ್ಟೇ ಸಾಕು. ಐದೂಕಾಲು ಇಂಚಿನದರ ಮೋಟರಿಗೆ 12 ಬೇಕೇ ಬೇಕು.

ಕೇಬಲ್ಲಿನ ಮೇಲೆ ಅನುಮಾನವಿದ್ದರೆ ಬದಲಿಸಿ ನೋಡಿ. ಇಲಿ ಕಡಿದ ಕೇಬಲ್ ನಮ್ಮ ಕಡೆ ಅಪರೂಪವೇನಲ್ಲ.

ಡ್ರೈವ್ ಬಿಚ್ಚುವುದು

ಕರೆಂಟು ತೆಗೆಯಿರಿ, ಪ್ಲಗ್ಗನ್ನೇ ಕಿತ್ತಿಡಿ. ಕೈಯಲ್ಲಿರುವ ಸ್ಥಾಯಿ ವಿದ್ಯುತ್ತು ಇಳಿಯಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಡ್ರೈವನ್ನು ಹೊರತೆಗೆದು ಮೇಲಿನ ತಗಡಿನ ಮುಚ್ಚಳ ಬಿಚ್ಚಿ. ಒಂದೆರಡು ಸ್ಕ್ರೂ ಇರುತ್ತವೆ, ಇಲ್ಲವೇ ಬದಿಯ ಕೊಕ್ಕೆ ಬಿಡಿಸಿದರೆ ಸಾಕು. ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಒಳಗೆ ಕಾಣುವುದನ್ನು ನೋಡಿ ಹೇಸಿಗೆ ಪಡಬೇಡಿ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಪವರ್ ಸಪ್ಲೈಯ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಬರಬೇಕಲ್ಲ, ಫ್ಲಾಪಿ ಹಾಕುವ ಕಿಂಡಿಯಿಂದಲೇ ಬರುತ್ತದೆ. ಹಾಗಾಗಿ ಆ ಕೋಣೆಯ ದೂಳೆಲ್ಲ ಈ ಡ್ರೈವಿನ ಮೂಲಕವೇ ಹಾದು ಹೋಗಿರುತ್ತದೆ. ಜೇಡರ ಬಲೆ, ಸತ್ತ ಇರುವೆ, ಹಲ್ಲಿಯ ಮೊಟ್ಟೆಯ ಚಿಪ್ಪು, ಎಲ್ಲ ಕಂಡಿದ್ದೇನೆ. ಒಮ್ಮೆ ಮಗುವೊಂದು ಡ್ರೈವನ್ನೇ ಹುಂಡಿ ಮಾಡಿಕೊಂಡು ಹಾಕಿದ ನಾಣ್ಯಗಳೂ ಸಿಕ್ಕಿದ್ದವು.

ಬ್ರಷ್ಷಿನಿಂದ ದೂಳನ್ನು ಹೊರಕ್ಕೆ ಗುಡಿಸಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಹೆಡ್ಡಿಗೆ ತಾಗುತ್ತದೆ.

ಹೆಡ್ಡು ಒರೆಸುವುದು

ಇಡೀ ಕೆಲಸದ ಜೀವಾಳ ಇದೇ. ಹಳಿಯ ಮೇಲೆ ಕೂತ ಸಣ್ಣ ಗಾಡಿಯೊಂದು ಕಾಣುತ್ತದೆ. ಅದರ ತಳದಲ್ಲಿ ಒಂದು ಹೆಡ್ಡು, ಮೇಲಿನ ತೋಳಿನ ತುದಿಯಲ್ಲಿ ಇನ್ನೊಂದು. ಬಿಳಿ ಅಥವಾ ಕಪ್ಪು ಪಿಂಗಾಣಿಯಂಥ ಚೌಕದ ನಡುವೆ ಕೂದಲೆಳೆಯ ಗೆರೆ, ಅದೇ ಓದುವ ಜಾಗ. ಕೆಳಗಿನದು ಗಟ್ಟಿಯಾಗಿ ಕೂತಿರುತ್ತದೆ. ಮೇಲಿನದು ಮಾತ್ರ ಕಾಗದದಷ್ಟು ತೆಳುವಾದ ಲೋಹದ ಎಲೆಯ ಮೇಲೆ ತೂಗುತ್ತಿರುತ್ತದೆ. ಆ ಎಲೆ ಬಾಗಿದರೆ ಎರಡು ಹೆಡ್ಡುಗಳು ಎದುರುಬದುರು ಕೂರುವುದಿಲ್ಲ, ಡ್ರೈವಿನ ಆಯುಷ್ಯ ಅಲ್ಲಿಗೆ ಮುಗಿದಂತೆ.

ಫ್ಲಾಪಿ ಇಲ್ಲದಾಗ ಮೇಲಿನ ತೋಳು ತಾನಾಗಿಯೇ ತುಸು ಎದ್ದಿರುತ್ತದೆ. ಅಷ್ಟು ಸಂದು ಸಾಕು. ಜಾಗ ಸಾಲದೆಂದು ಬೆರಳಲ್ಲಿ ಎತ್ತಿ ಹಿಡಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ತುಂಬ ಇಕ್ಕಟ್ಟಾದರೆ ಬಡ್ಡಿನ ಹತ್ತಿಯನ್ನು ಸ್ವಲ್ಪ ಕಿತ್ತು ತೆಳ್ಳಗೆ ಮಾಡಿಕೊಳ್ಳಿ.

ಬಡ್ಡನ್ನು ಐಪಿಎಯಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಹೆಡ್ಡಿನ ಮೇಲೆ ಹಗುರವಾಗಿ ಒರೆಸಿ. ಪಾತ್ರೆ ತಿಕ್ಕಿದಂತೆ ತಿಕ್ಕಬೇಡಿ. ಬಡ್ಡಿಗೆ ಕಂದು ಬಣ್ಣ ಹತ್ತಿದರೆ ಅದು ಹಳೆಯ ಫ್ಲಾಪಿಗಳ ಲೇಪನ, ಕಪ್ಪಾದರೆ ದೂಳು ಮತ್ತು ಜಿಡ್ಡು. ಹೊಸ ಬಡ್ಡು ತೆಗೆದುಕೊಂಡು ಬಣ್ಣ ಬರದಾಗುವವರೆಗೆ ಮುಂದುವರಿಸಿ. ನನ್ನ ಡ್ರೈವೊಂದಕ್ಕೆ ಹನ್ನೊಂದು ಬಡ್ಡು ಬೇಕಾಯಿತು. ಗಟ್ಟಿ ಕೊಳೆಯನ್ನು ಉಗುರಿನಿಂದ ಕೆರೆಯುವ ಬದಲು, ಒದ್ದೆ ಬಡ್ಡನ್ನು ಅರ್ಧ ನಿಮಿಷ ಅದರ ಮೇಲೆ ಇಟ್ಟು ನೆನೆಸಿ. ಮೇಲಿನ ಹೆಡ್ಡನ್ನು ಒರೆಸುವಾಗ ಒತ್ತಡ ಇನ್ನೂ ಕಡಿಮೆಯಿರಲಿ. ಕೊನೆಗೆ ಟಾರ್ಚು ಓರೆಯಾಗಿ ಬಿಟ್ಟು ನೋಡಿ, ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿದ್ದರೂ ಚಿಮಟದಿಂದ ತೆಗೆಯಿರಿ. ಐದು ನಿಮಿಷ ಆರಲು ಬಿಡಿ.

ಆಗೆಲ್ಲ ಸಿಗುತ್ತಿದ್ದ 'ಕ್ಲೀನಿಂಗ್ ಫ್ಲಾಪಿ' ಇದ್ದವರು ಅದನ್ನೇ ಹಾಕಬಹುದಲ್ಲ ಎನ್ನಬಹುದು. ದಿನಾ ಬಳಸುವ ಡ್ರೈವಿಗೆ ಅದು ಸಾಕಿತ್ತು. ದಶಕಗಳ ಕೊಳೆಗೆ ಸಾಲದು, ಹಾಳೆ ಒಣಗಿದ್ದರಂತೂ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಗಾಡಿಯ ಹಳಿ, ಅಂಚಿನ ಸೆನ್ಸರ್

ಹೆಡ್ಡಿನ ಗಾಡಿ ಒಂದು ನುಣುಪು ಕಂಬಿಯ ಮೇಲೆ ಜಾರುತ್ತದೆ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರಿನ ತಿರುಪು ಕಂಬಿ ಅದನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ. ಮೂರೂವರೆ ಇಂಚಿನಲ್ಲಿ 80 ಟ್ರ್ಯಾಕುಗಳು ಇಂಚಿಗೆ 135ರಂತೆ ಒತ್ತೊತ್ತಾಗಿವೆ. ಎರಡು ಟ್ರ್ಯಾಕಿನ ನಡುವಿನ ಅಂತರ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಳೆಯ ಗ್ರೀಸು ಅಂಟಾಗಿ ಗಾಡಿ ತಡವರಿಸಿದರೆ ಹೆಡ್ಡು ಇಂಥದ್ದೇ ಟ್ರ್ಯಾಕಿನ ಮೇಲೆ ನಿಲ್ಲುವುದಿಲ್ಲ. ಆಗ ಹೊರ ಟ್ರ್ಯಾಕು ಓದುತ್ತದೆ, ಒಳಗಿನದು ಓದುವುದಿಲ್ಲ, ಅಥವಾ ಒಮ್ಮೆ ಓದಿ ಇನ್ನೊಮ್ಮೆ ಓದುವುದಿಲ್ಲ.

ಹಳೆಯ ಗ್ರೀಸನ್ನು ಐಪಿಎಯಿಂದ ಪೂರಾ ಒರೆಸಿ ತೆಗೆಯಿರಿ. ತಿರುಪು ಕಂಬಿಗೆ ಲಿಥಿಯಂ ಗ್ರೀಸು ಸಾಸಿವೆಯಷ್ಟು, ಜಾರುವ ಕಂಬಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೇ ತೊಟ್ಟು. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದಲ್ಲಿ ಏನಾಗುತ್ತದೆ ಎಂದು ನಿಮ್ಮ ಬಚ್ಚಲುಮನೆಯ ಬಾಟಲಿ ಹೇಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಅದು ಹಾರಿ ಹೆಡ್ಡಿನ ಮೇಲೂ ಕೂರುತ್ತದೆ. ಗಾಡಿಯನ್ನು ಕೈಯಲ್ಲಿ ಎಳೆಯದೆ, ತಿರುಪು ಕಂಬಿಯನ್ನು ಬೆರಳಲ್ಲಿ ನಿಧಾನ ತಿರುಗಿಸಿ ಪೂರ್ತಿ ದೂರ ಹೋಗಿ ಬರುವಂತೆ ಮಾಡಿ.

'ಟಕ್ ಟಕ್' ಎನ್ನುವ ಡ್ರೈವಿನಲ್ಲಿ ಗಾಡಿಯ ಹಿಂದಿನ ತುದಿ ನೋಡಿ. ಗಾಡಿಗೆ ಅಂಟಿದ ಪುಟ್ಟ ನಾಲಗೆಯೊಂದು ಎರಡು ಕಪ್ಪು ಕಂಬಗಳ ನಡುವೆ ಹಾದು ಬೆಳಕನ್ನು ಮರೆ ಮಾಡುತ್ತದೆ, ಸೊನ್ನೆಯ ಟ್ರ್ಯಾಕು ಸಿಕ್ಕಿತೆಂದು ಡ್ರೈವಿಗೆ ತಿಳಿಯುವುದು ಹೀಗೆ. ಆ ಕಂಬಗಳ ನಡುವೆ ದೂಳಿನ ಉಂಡೆ ಕೂತರೆ ಲೆಕ್ಕ ತಪ್ಪುತ್ತದೆ. ಒಣ ಬ್ರಷ್ಷೇ ಮದ್ದು. ಮುಂಭಾಗದ ಎರಡು ಪುಟ್ಟ ಗುಂಡಿಗಳನ್ನೂ ಒತ್ತಿ ನೋಡಿ. ಒಂದು ಫ್ಲಾಪಿಗೆ ಬರೆಯಬಹುದೇ ಎಂದು, ಇನ್ನೊಂದು ಅದು 1.44ರದೇ 720 ಕೆಬಿಯದೇ ಎಂದು ಅದರ ತೂತಿನಿಂದ ಕಂಡುಕೊಳ್ಳುತ್ತವೆ. ಗುಂಡಿ ಅಂಟಿಕೊಂಡಿದ್ದರೆ ಒಳ್ಳೆಯ ಫ್ಲಾಪಿಯನ್ನೂ ತಪ್ಪು ಬಗೆಯದೆಂದು ತಿಳಿದು ಓದಲಾಗದೆ ಒದ್ದಾಡುತ್ತದೆ.

ಬಲಿ ಕುರಿಯ ಪರೀಕ್ಷೆ

ಮುಚ್ಚಳ ಹಾಕಿ, ಕೇಬಲ್ ಸಿಕ್ಕಿಸಿ, ಬೇಡದ ಫ್ಲಾಪಿಯೊಂದನ್ನು ಹಾಕಿ. ಹಾಕುವ ಮುಂಚೆ ಅದರ ಲೋಹದ ಬಾಗಿಲು ಸಲೀಸಾಗಿ ಸರಿಯುತ್ತದೆಯೇ ನೋಡಿ. ಸೊಟ್ಟಗಾದ ಬಾಗಿಲು ಒಳಗೆ ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ಮೇಲಿನ ಹೆಡ್ಡೇ ಕಿತ್ತು ಬರುತ್ತದೆ. ಸಿಕ್ಕಿಕೊಂಡರೆ ಎಳೆಯಬೇಡಿ, ಮುಚ್ಚಳ ಬಿಚ್ಚಿ ಮೇಲಿಂದಲೇ ಬಿಡಿಸಿ.

ಮೊದಲು 'ಡಿಐಆರ್ ಎ:' ಕೊಡಿ. ಆಮೇಲೆ 'ಫಾರ್ಮ್ಯಾಟ್ ಎ: /ಯು'. ಪೂರ್ತಿ 80 ಟ್ರ್ಯಾಕಿನ ಮೇಲೆ ಡ್ರೈವನ್ನು ಓಡಿಸುವುದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಡಾಸ್ ಬೈಯುವ ರೀತಿಯಲ್ಲೂ ಸುಳಿವಿದೆ. 'ನಾಟ್ ರೆಡಿ' ಎಂದರೆ ಫ್ಲಾಪಿ ಕೂತಿಲ್ಲ ಅಥವಾ ತಿರುಗುತ್ತಿಲ್ಲ. 'ಜನರಲ್ ಫೇಲ್ಯೂರ್' ಎಂದರೆ ಹೆಚ್ಚಾಗಿ ಫಾರ್ಮ್ಯಾಟ್ ಆಗದ ಅಥವಾ ಬೇರೆ ಬಗೆಯ ಫ್ಲಾಪಿ. 'ಸೆಕ್ಟರ್ ನಾಟ್ ಫೌಂಡ್' (ಸೆಕ್ಟರ್ ಎಂದರೆ ಟ್ರ್ಯಾಕಿನ ಒಂದು ತುಣುಕು), 'ಡೇಟಾ ಎರರ್' ಎಂದರೆ ತಿರುಗುತ್ತಿದೆ, ಹೆಡ್ಡು ಹೋಗುತ್ತಿದೆ, ಓದಿದ್ದು ಅರ್ಥವಾಗುತ್ತಿಲ್ಲ: ಕೊಳೆ, ವೇಗ, ಇಲ್ಲವೇ ಸವೆದ ಫ್ಲಾಪಿ. 'ಟ್ರ್ಯಾಕ್ ಝೀರೋ ಬ್ಯಾಡ್' ಬಂದರೆ ಇನ್ನೆರಡು ಫ್ಲಾಪಿ ಹಾಕಿ ನೋಡಿ. ಮೂರಕ್ಕೂ ಅದೇ ಬಂದರೆ ಮಾತ್ರ ಡ್ರೈವನ್ನು ಅನುಮಾನಿಸಿ. ಒಂದು ಫ್ಲಾಪಿ ಓದಲಿಲ್ಲವೆಂದು ಡ್ರೈವನ್ನು ಗುಜರಿಗೆ ಹಾಕುವುದು ಎತ್ತು ಈಯಿತು ಎಂದ ಕೂಡಲೇ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ.

ಈಗ ಎರಡನೇ ಫ್ಲಾಪಿ ಹಾಕಿ ಮತ್ತೆ 'ಡಿಐಆರ್' ಕೊಡಿ. ಮೊದಲಿನ ಫ್ಲಾಪಿಯ ಪಟ್ಟಿಯೇ ಮತ್ತೆ ಬಂದರೆ ದೆವ್ವ ಹಿಡಿದಿಲ್ಲ. ಫ್ಲಾಪಿ ಬದಲಾಯಿತೆಂದು ಹೇಳುವ 34ನೇ ಎಳೆಯ ಸಂಕೇತ ಬರುತ್ತಿಲ್ಲ. ಕೇಬಲ್ ಕಡಿದಿರಬಹುದು, ಅಥವಾ ಆ ಎಳೆಯಲ್ಲಿ ಬೇರೆ ಸಂಕೇತ ಕಳಿಸುವ ಅಮಿಗಾ ಮಾದರಿಯ ಡ್ರೈವಿಗೆ ಪಿಸಿಗೆ ತಕ್ಕ ಜಂಪರ್ ಇಟ್ಟಿಲ್ಲದಿರಬಹುದು. ಈ ಸ್ಥಿತಿಯಲ್ಲಿ ಏನನ್ನೂ ಬರೆಯಬೇಡಿ. ಹಳೆಯ ಫ್ಲಾಪಿಯ ನಕ್ಷೆ ಇಟ್ಟುಕೊಂಡು ಹೊಸದರ ಮೇಲೆ ಬರೆದರೆ ಅದು ಹಾಳಾಗುತ್ತದೆ.

ಇನ್ನೊಂದು ಪರೀಕ್ಷೆ ಮರೆಯಬಾರದು. ಇದೇ ಡ್ರೈವಿನಲ್ಲಿ ಬರೆದ ಫ್ಲಾಪಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಓದಿಸಿ, ಅಲ್ಲಿ ಬರೆದದ್ದನ್ನು ಇಲ್ಲಿ ಓದಿಸಿ. ತಾನು ಬರೆದದ್ದನ್ನು ತಾನೇ ಚೆನ್ನಾಗಿ ಓದಿ, ಬೇರೆಯವರು ಬರೆದದ್ದನ್ನು ಓದದಿದ್ದರೆ ಹೆಡ್ಡಿನ ಸಾಲು ಜರುಗಿದೆ. ಅದನ್ನು ಸರಿಪಡಿಸಲು ವಿಶೇಷವಾಗಿ ತಯಾರಿಸಿದ ಅಲೈನ್‌ಮೆಂಟ್ ಫ್ಲಾಪಿಯೂ ಆಸಿಲ್ಲೊಸ್ಕೋಪೂ ಬೇಕು. ಸ್ಟೆಪರ್ ಮೋಟರಿನ ಸ್ಕ್ರೂ ಸಡಿಲಿಸಿ ಅಂದಾಜಿನ ಮೇಲೆ ತಿರುಗಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇರೆ ಡ್ರೈವ್ ತನ್ನಿ. ಮೂರೂವರೆ ಇಂಚಿನವು ಇನ್ನೂ ಗುಜರಿಯಲ್ಲಿ ಸಿಗುತ್ತವೆ.

ಐದೂಕಾಲು ಇಂಚಿನವರಿಗೆ ಟ್ಯೂಬ್‌ಲೈಟ್ ಉಪಾಯ

1.2 ಎಂಬಿಯ ಡ್ರೈವು ನಿಮಿಷಕ್ಕೆ 360 ಸುತ್ತು ತಿರುಗುತ್ತದೆ, 360 ಕೆಬಿಯದು 300 ಸುತ್ತು. ಮೊದಲ ಕಾಲದ ದಪ್ಪ ಡ್ರೈವುಗಳಲ್ಲಿ ಮೋಟರಿನಿಂದ ಚಕ್ರಕ್ಕೆ ರಬ್ಬರ್ ಬೆಲ್ಟ್ ಇರುತ್ತದೆ. ಅದು ಸಡಿಲವಾದರೆ ವೇಗ ಏರುಪೇರಾಗುತ್ತದೆ. ಡ್ರೈವನ್ನು ಮಗುಚಿ ನೋಡಿದರೆ ಚಕ್ರದ ಮೇಲೆ ಗೆರೆಗಳ ಎರಡು ಉಂಗುರಗಳಿವೆ, ಒಂದರ ಬಳಿ 50, ಇನ್ನೊಂದರ ಬಳಿ 60. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ 50ರ ಉಂಗುರವೇ ನಮ್ಮದು. ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಅದರ ಬೆಳಕಲ್ಲಿ ಆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯಿದೆ. ತೇಲಿ ಮುಂದೆ ಹೋದರೆ ಹೆಚ್ಚು, ಹಿಂದೆ ಬಂದರೆ ಕಡಿಮೆ, ಬೋರ್ಡಿನ ಮೇಲೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಪ್ರೀಸೆಟ್ ತಿರುಗಿಸಿ ಸರಿಮಾಡಬಹುದು. ಎಲೆಕ್ಟ್ರಾನಿಕ್ ಚೋಕಿನ ಟ್ಯೂಬಿನಲ್ಲಿ ಇದು ನಡೆಯದು, ಎಲ್‌ಇಡಿಯನ್ನೂ ನಂಬಬೇಡಿ. ಅಂಥ ಚೋಕು ಯಾವುದಾದರೂ ಹಳೆಯ ಕಿರಾಣಿ ಅಂಗಡಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಇಲ್ಲದಿದ್ದರೆ ಡೇವ್ ಡನ್‌ಫೀಲ್ಡ್ ಬರೆದ ಇಮೇಜ್‌ಡಿಸ್ಕ್ ಎಂಬ ಡಾಸ್ ಪ್ರೋಗ್ರಾಮು ವೇಗವನ್ನು ಅಳೆದು ತೋರಿಸುತ್ತದೆ.

1.2ರ ಡ್ರೈವಿನಲ್ಲಿ 360ರ ಫ್ಲಾಪಿ ಓದಬಹುದು, ಬರೆಯಬೇಡಿ. 1.2ರ ಹೆಡ್ಡು ಕಿರಿದು. ಅಗಲದ ಹಳೆ ಟ್ರ್ಯಾಕಿನ ನಡುವೆ ಸಣ್ಣ ಗೆರೆ ಎಳೆದು ಬಿಡುತ್ತದೆ, ಆಮೇಲೆ 360ರ ಡ್ರೈವು ಹಳೆಯದನ್ನೂ ಹೊಸದನ್ನೂ ಕಲಸಿ ಓದಿ ಕಂಗಾಲಾಗುತ್ತದೆ.

ಎಲ್ಲ ಮಾಡಿದರೂ ಓದದಿದ್ದರೆ

ಬೇರೆ ಡ್ರೈವು ಇದೇ ಕೇಬಲ್ಲಿಗೆ ಹಾಕಿದಾಗ ಓದಿದರೆ ನಿಮ್ಮ ಡ್ರೈವೇ ದೋಷಿ. ಅದೂ ಓದದಿದ್ದರೆ ಕಂಟ್ರೋಲರ್. 486ರವರೆಗಿನ ಬೋರ್ಡುಗಳಲ್ಲಿ ಕಂಟ್ರೋಲರ್ ಬಹಳ ಸಲ ಬೇರೆ ಕಾರ್ಡಿನ ಮೇಲಿರುತ್ತದೆ. ಕಾರ್ಡನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ, ಬಲವಾಗಿ ಕೂರಿಸಿ ನೋಡಿ. ಕಾರ್ಡುಗಳು ಕಂಪ್ಯೂಟರಿನೊಡನೆ ಮಾತಾಡುವ ದಾರಿಗಳಲ್ಲಿ ಐಆರ್‌ಕ್ಯೂ 6, ಡಿಎಂಎ 2 ಎಂಬವು ಫ್ಲಾಪಿ ಕಂಟ್ರೋಲರಿಗೆ ಮೀಸಲು. ಹಳೆಯ ಸೌಂಡ್ ಕಾರ್ಡೋ ನೆಟ್‌ವರ್ಕ್ ಕಾರ್ಡೋ ಅದನ್ನು ಕಬಳಿಸಿದ್ದರೆ ಜಂಪರ್ ಬದಲಿಸಿ. ಡ್ರೈವಿನ ಬೋರ್ಡಿನಲ್ಲಿ ಡಬ್ಬಿಯಂಥ ಪುಟ್ಟ ಕೆಪಾಸಿಟರುಗಳ ಬುಡ ಮಾಸಿದ್ದು, ಬೆಸುಗೆ ಮಂಕಾಗಿದ್ದು, ಮೀನಿನಂಥ ವಾಸನೆ ಇದ್ದರೆ ಅವು ಸೋರಿವೆ. ಬೆಸುಗೆ ಕೈ ಪಳಗಿದ್ದವರು ಬದಲಿಸಬಹುದು.

ಫ್ಲಾಪಿಯ ಹಂಗೇ ಬೇಡ, ಹಳೆಯ ಕಂಪ್ಯೂಟರಿನಲ್ಲಿ ಆಟ ಆಡಿದರೆ ಸಾಕು ಎನ್ನುವವರಿಗೆ ಗೋಟೆಕ್ ಇದೆ. ಡ್ರೈವಿನ ಜಾಗದಲ್ಲಿ ಕೂತು ಪೆನ್‌ಡ್ರೈವನ್ನೇ ಫ್ಲಾಪಿಯೆಂದು ಕಂಪ್ಯೂಟರನ್ನು ನಂಬಿಸುವ ಪೆಟ್ಟಿಗೆ ಅದು. ಆದರೆ ಅಪ್ಪನ ಕಥೆ ಅದರಿಂದ ಸಿಗುವುದಿಲ್ಲ.

ಈಗ ಆ ಫ್ಲಾಪಿ

ಮೂರೂವರೆ ಇಂಚಿನ ಫ್ಲಾಪಿಯ ಬಾಗಿಲು ಸರಿಸಿ, ನಡುವಿನ ಲೋಹದ ಗುಂಡನ್ನು ತಿರುಗಿಸುತ್ತ ಟಾರ್ಚಿನ ಓರೆ ಬೆಳಕಿನಲ್ಲಿ ಹಾಳೆಯನ್ನು ಪೂರಾ ನೋಡಿ. ಕರಾವಳಿಯಲ್ಲೋ ಮಲೆನಾಡಲ್ಲೋ ನಾಲ್ಕು ಮಳೆಗಾಲ ಕಂಡ ಫ್ಲಾಪಿಯಾದರೆ ಮಂಕಾದ ಬಿಳಿ ಚುಕ್ಕಿ, ಹೂವಿನಂಥ ಕಲೆ ಕಾಣುತ್ತದೆ. ಅದು ಬೂಷ್ಟು. ಹಾಗೇ ಹಾಕಿದರೆ ಬೂಷ್ಟು ಹೆಡ್ಡಿಗೆ ಅಂಟಿ, ಇದನ್ನೂ ಕೆರೆದು, ಮುಂದಿನ ಫ್ಲಾಪಿಯನ್ನೂ ಕೆರೆಯುತ್ತದೆ. ಐಪಿಎಯಲ್ಲಿ ಅದ್ದಿದ ಬಡ್ಡಿನಿಂದ ಹಾಳೆಯನ್ನು ತಿರುಗಿಸುತ್ತ ಎರಡೂ ಬದಿ ಮೆಲ್ಲಗೆ ಒರೆಸಿ. ಮೊದಲ ಸ್ಪರ್ಶ ಒಳ ಅಂಚಿನ ಹತ್ತಿರ, ಲೋಹದ ಗುಂಡಿನ ಪಕ್ಕದಲ್ಲಿರಲಿ. ಅಲ್ಲಿ ಏನೂ ಬರೆದಿರುವುದಿಲ್ಲ. ಲೇಪನವೇ ಕಿತ್ತು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಹೊರ ಅಂಚಿಗೆ ಹೆಚ್ಚು ಕಾಳಜಿ ಬೇಕು. 1.44ರ ಫ್ಲಾಪಿಯಲ್ಲಿ ಬೂಟ್ ಸೆಕ್ಟರ್ ಒಂದು, ಯಾವ ಕಡತ ಎಲ್ಲಿದೆ ಎನ್ನುವ ಕೋಷ್ಟಕದ ಎರಡು ಪ್ರತಿಗಳಿಗೆ ಒಂಬತ್ತೊಂಬತ್ತು, ಹೆಸರುಗಳ ಪಟ್ಟಿಗೆ ಹದಿನಾಲ್ಕು, ಒಟ್ಟು 33 ಸೆಕ್ಟರ್. ಎರಡೂ ಬದಿ ಸೇರಿ ಮೊದಲ ಟ್ರ್ಯಾಕಿನಲ್ಲಿ 36 ಸೆಕ್ಟರ್ ಹಿಡಿಯುವುದರಿಂದ ಇಡೀ ಪೀಠಿಕೆ ಹೊರ ಅಂಚಿನ ಆ ಒಂದೇ ಉಂಗುರದಲ್ಲಿದೆ. ಅಲ್ಲೊಂದು ಗೀರು ಬಿದ್ದರೆ ಡಾಸ್ ಇಡೀ ಫ್ಲಾಪಿಯನ್ನೇ ಓದಲಾರೆ ಎನ್ನಬಹುದು, ಆದರೆ ಕಥೆ ಒಳಗಿನ 79 ಟ್ರ್ಯಾಕುಗಳಲ್ಲಿ ಹಾಗೇ ಇರುತ್ತದೆ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಹಾಕುವ ಮುಂಚೆ ಮೂಲೆಯ ಪುಟ್ಟ ಕದ ಸರಿಸಿ ತೂತು ತೆರೆದಿಡಿ, ತೆರೆದ ತೂತು ಎಂದರೆ ಬರೆಯುವಂತಿಲ್ಲ. ಐದೂಕಾಲಿನಲ್ಲಿ ಇದು ಉಲ್ಟಾ, ಅಂಚಿನ ಕಚ್ಚಿನ ಮೇಲೆ ಟೇಪು ಅಂಟಿಸಬೇಕು. ಸುಮ್ಮನೆ ಓದುತ್ತೇನಲ್ಲ ಎಂದು ಇದನ್ನು ಬಿಡಬೇಡಿ. ವಿಂಡೋಸ್ 95, 98ಗಳು ನೀವು ತೆರೆದು ನೋಡಿದಷ್ಟಕ್ಕೇ ಬೂಟ್ ಸೆಕ್ಟರಿನಲ್ಲಿ ತಮ್ಮ ಗುರುತನ್ನು ಗೀಚುತ್ತವೆ. ಸ್ಕ್ಯಾನ್‌ಡಿಸ್ಕ್ ಕೂಡ ಬೇಡ, 'ಸರಿಪಡಿಸುತ್ತೇನೆ' ಎಂದು ಅದು ಮಾಡುವುದು ಬರೆಯುವ ಕೆಲಸವೇ.

ಕಡತ ಕಡತವಾಗಿ ಕಾಪಿ ಮಾಡುವುದಕ್ಕಿಂತ ಇಡೀ ಫ್ಲಾಪಿಯ ಪ್ರತಿ ತೆಗೆಯಿರಿ. ಲಿನಕ್ಸಿನ ಡಿಡಿ-ರೆಸ್ಕ್ಯೂ ಮೊದಲು ಸುಲಭವಾಗಿ ಓದಿದ್ದನ್ನು ತೆಗೆದಿಟ್ಟು, ಕಷ್ಟದ್ದಕ್ಕೆ ಆಮೇಲೆ ಮರಳುತ್ತದೆ. ಪ್ರತಿಯ ಗಾತ್ರ 14,74,560 ಬೈಟ್ ಇದ್ದರೆ ಅಳತೆ ಪೂರ್ತಿ ಸರಿ, ಓದಲಾಗದ ಸೆಕ್ಟರ್ ಎಷ್ಟು ಉಳಿಯಿತೆಂದು ಅದರ ಮ್ಯಾಪ್ ಕಡತದಲ್ಲಿ (ಹಳೆಯ ಆವೃತ್ತಿಗಳಲ್ಲಿ ಲಾಗ್ ಕಡತ) ನೋಡಿ. ತೀರಾ ಹಟ ಹಿಡಿದ ಫ್ಲಾಪಿಗೆ ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡು ತರಿಸಿಕೊಳ್ಳಿ. ಮಾಮೂಲಿ ಪಿಸಿ ಡ್ರೈವನ್ನೇ 34 ಎಳೆಯ ಕೇಬಲ್ಲಿನಿಂದ ಅದಕ್ಕೆ ಸೇರಿಸಿ ಯುಎಸ್‌ಬಿಗೆ ಹಾಕಿದರೆ, ಸೆಕ್ಟರ್ ಅರ್ಥವಾಗದಿದ್ದರೂ ಹಾಳೆಯ ಮೇಲಿನ ಕಾಂತೀಯ ಏರಿಳಿತವನ್ನೇ ಹಾಗ್ಹಾಗೇ ಬರೆದುಕೊಳ್ಳುತ್ತದೆ. ಆರಂಭದಲ್ಲಿ ಹೇಳಿದ ಅಮಿಗಾ ಫ್ಲಾಪಿಯೂ ಇದರಿಂದ ಓದಲು ಬರುತ್ತದೆ. ಅಂಗಡಿಯ ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಇಷ್ಟು ತಾಳ್ಮೆಯೂ ಇಲ್ಲ, ಶಕ್ತಿಯೂ ಇಲ್ಲ.

ಕೊನೆಗೆ ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಮತ್ತೆ ಹೆಡ್ಡು ಒರೆಸಲು ಹೊರಡಬೇಡಿ. ಅದು ಸರಿಯಾಗಿಯೇ ಓದಿದೆ. ವಿಂಡೋಸಿನಲ್ಲಿ ಕನ್ನಡ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ನೆಲೆಯಾದದ್ದು 2001ರ ಎಕ್ಸ್‌ಪಿಯಿಂದ. ಅದಕ್ಕೂ ಮುಂಚಿನ ಬರವಣಿಗೆ ಬರಹ, ಶ್ರೀಲಿಪಿಯಂಥವುಗಳ ತಂತಮ್ಮ ಫಾಂಟಿನ ಸಂಕೇತದಲ್ಲಿರುತ್ತದೆ, ನುಡಿಯಲ್ಲಿ ಬರೆದದ್ದೂ ಬಹಳ ಕಾಲ ಹಾಗೇ ಇತ್ತು. ಡಾಸ್ ಕಾಲದಲ್ಲಿ ಭಾರತೀಯ ಭಾಷೆಗಳಿಗೆಂದು ಕಂಪ್ಯೂಟರಿಗೆ ಹಾಕುತ್ತಿದ್ದ ಜಿಸ್ಟ್ ಕಾರ್ಡಿನಲ್ಲಿ ಬೆರಳಚ್ಚಿಸಿದ್ದು ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತದಲ್ಲಿರುತ್ತದೆ. ಕಡತದ ಫಾಂಟಿನ ಹೆಸರು ನೋಡಿ, ಆ ಫಾಂಟನ್ನು ಹಾಕಿ ಒಮ್ಮೆ ಕಣ್ಣಾರೆ ಓದಿ, ಆಮೇಲೆ ಯುನಿಕೋಡಿಗೆ ಬದಲಿಸಿ. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದುಂಟು. ಮೂಲ ಫಾಂಟಿನ ಪುಟವನ್ನು ಪಕ್ಕದಲ್ಲಿಟ್ಟುಕೊಂಡೇ ತಿದ್ದಿ, ಫ್ಲಾಪಿಯ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳಿ.